ಹತ್ತಿ ತುಂಬದ ಕಿಂಡಿ

ಶಿವಾಜಿನಗರ

ನಾನು ಹಾಸಿಗೆ ಹೊಲಿಯುವವನು. ಶಿವಾಜಿನಗರದ ಒಂದು ಓಣಿಯಲ್ಲಿ ನನ್ನ ಅಜ್ಜ ಹಾಕಿದ ಅಂಗಡಿಯಲ್ಲಿ ಹತ್ತಿ ಹಿಂಜಿ ಹಾಸಿಗೆ, ದಿಂಬು, ರಜಾಯಿ ಮಾಡುತ್ತೇನೆ. ಫೋಮ್ ಹಾಸಿಗೆ ಬಂದ ಮೇಲೆ ನಮ್ಮ ವ್ಯಾಪಾರ ಅರ್ಧ ಸತ್ತಿದೆ, ಉಳಿದರ್ಧದಲ್ಲಿ ಬದುಕಿದ್ದೇವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವ ಗಾದೆ ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೇ. ಆದರೆ ನಾನೇ ಮಗಳನ್ನು ಡಾಕ್ಟರ್ ಓದಲು ಕಿರ್ಗಿಸ್ತಾನಕ್ಕೆ ಕಳಿಸಿ, ಕಾಲನ್ನು ಹಾಸಿಗೆಯಿಂದ ಮಾರುದ್ದ ಆಚೆ ಚಾಚಿದ್ದೆ. ಇಲ್ಲಿನ ಸೀಟು ನಮ್ಮ ಕೈಗೆ ಎಟುಕಲಿಲ್ಲ, ಅಲ್ಲಿಯದು ಹೇಗೋ ಎಟುಕಿತು.

ಮಗಳು ಶಾಹಿನಾ, ನಾಲ್ಕನೇ ವರ್ಷದಲ್ಲಿದ್ದಾಳೆ. ಹೋದ ಚಳಿಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಆಗಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು. ಆ ಹದಿನೆಂಟು ದಿನವೂ ನನ್ನ ಹೆಂಡತಿ ನಸೀಮಾ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಈ ವರ್ಷ ಹಾಸ್ಟೆಲ್ ದುಬಾರಿಯಾಯಿತೆಂದು ಶಾಹಿನಾ ಮತ್ತು ಅವಳ ಗೆಳತಿ ಚೈತ್ರಾ ಒಬ್ಬ ಅಜ್ಜಿಯ ಹಳೇ ಮನೆಯಲ್ಲಿ ಒಂದು ಕೋಣೆ ಹಿಡಿದರು. ಕರೆಂಟಿನ ಹೀಟರ್ ಹಾಕಿಸುವ ಶಕ್ತಿ ಅಜ್ಜಿಗೂ ಇಲ್ಲ, ಇವರಿಗೂ ಇಲ್ಲ. ಇರುವುದು ಒಂದು ಕಲ್ಲಿದ್ದಲ ಒಲೆ ಮಾತ್ರ.

ನಸೀಮಾ ತೀರ್ಪು ಕೊಟ್ಟಳು. "ಚಳಿ ಶುರುವಾಗೋ ಮುಂಚೆ ಹೋಗಿ ನೋಡಿ. ಮನೆ ಬೆಚ್ಚಗಿದ್ರೆ ಬಿಟ್ಟು ಬನ್ನಿ. ಇಲ್ದಿದ್ರೆ ಕರ್ಕೊಂಡೇ ಬನ್ನಿ. ಡಾಕ್ಟರ್ ಆಗೋದು ಬೇಡ, ಮಗಳು ಬದುಕಿದ್ರೆ ಸಾಕು."

ಬರುವಾಗಿನ ಟಿಕೆಟ್ ಎರಡು ಮಾಡಿಸಿದಳು. ಒಂದು ನನ್ನ ಹೆಸರಿನಲ್ಲಿ, ಇನ್ನೊಂದು ಶಾಹಿನಾ ಹೆಸರಿನಲ್ಲಿ. ಶಾಹಿನಾಗೆ ಇದನ್ನು ಹೇಳಲಿಲ್ಲ. ಅವಳ ಟಿಕೆಟ್ಟಿನ ಹಾಳೆಯನ್ನು ಮಡಿಸಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೆ. ಇಡೀ ಪ್ರಯಾಣದಲ್ಲಿ ಅದು ಎದೆಗೆ ಚುಚ್ಚುತ್ತಲೇ ಇತ್ತು.

ಹೊರಡುವ ಹಿಂದಿನ ದಿನ ಚೈತ್ರಾಳ ತಂದೆ ಕೆ.ಆರ್. ಪುರದಿಂದ ಐದು ಕಿಲೋ ರಾಗಿಹಿಟ್ಟು ಹೊತ್ತು ಬಂದರು. "ನಮ್ಮುಡ್ಗೀಗೆ ಮುದ್ದೆ ಇಲ್ದಿದ್ರೆ ನಿದ್ದೆ ಬರಲ್ಲ ಸಾಹೇಬ್ರೇ. ನಮ್ ಹೊಲದ್ದಲ್ಲ, ಅಂಗಡೀದು. ನಮ್ ಹೊಲದಲ್ಲಿ ಈಗ ರಾಗಿ ಬೆಳೆಯಲ್ಲ, ಬಾಡಿಗೆ ಬೆಳೆಯುತ್ತೆ" ಎಂದು ತಾವೇ ನಕ್ಕರು.

ನಮ್ಮ ಮನೆಮಾತು ದಖ್ಖನಿ. ಕನ್ನಡ ಕಲಿತದ್ದು ಹಲಸೂರಿನ ಸರ್ಕಾರಿ ಶಾಲೆಯಲ್ಲಿ. ಆದ್ದರಿಂದ ಮನೆಯವರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಅಪ್ಪನನ್ನು ಕರೆಯುವ ‘ಅಬ್ಬಾ’, ಮಕ್ಕಳನ್ನು ಕರೆಯುವ ‘ಬೇಟಾ’ ಮಾತ್ರ ಹಾಗೇ ಉಳಿದಿವೆ.

ವಿಮಾನ ಬದಲಿಸಿದ ಊರು

ನನ್ನ ಪೆಟ್ಟಿಗೆಯಲ್ಲಿ ಎರಡು ರಜಾಯಿ, ಒತ್ತಿ ತುಂಬಿದ ಹಿಂಜಿದ ಹತ್ತಿ, ದಬ್ಬಣ, ದಾರದುಂಡೆ ಇದ್ದವು. ರಾಗಿಹಿಟ್ಟಿನ ಪೊಟ್ಟಣ ಒಡೆದೀತೆಂದು ಬುದ್ಧಿವಂತಿಕೆ ಮಾಡಿ ಅದನ್ನು ಒಂದು ರಜಾಯಿಯ ಒಳಗೇ ಇಟ್ಟು ಹೊಲಿದಿದ್ದೆ. ಹೊಲಿಗೆಯ ಒಳಗೆ ಕಂದು ಬಣ್ಣದ ಪುಡಿ ಬಚ್ಚಿಟ್ಟುಕೊಂಡು ದೇಶ ದಾಟುವವನನ್ನು ಪೊಲೀಸರು ಏನೆಂದುಕೊಳ್ಳುತ್ತಾರೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ.

ವಿಮಾನ ನಿಲ್ದಾಣದಲ್ಲಿ ನನ್ನ ಹೆಸರು ಕೂಗಿ ಒಳಕೋಣೆಗೆ ಕರೆದರು. ಮೇಜಿನ ಮೇಲೆ ನನ್ನ ರಜಾಯಿ ಮಲಗಿತ್ತು. ಅಧಿಕಾರಿಯೊಬ್ಬ ಚಾಕು ತೆಗೆದು ಅದರ ಹೊಟ್ಟೆ ಸೀಳಿದ. ನಾಯಿಯನ್ನು ಕರೆಸಿದರು, ಅದು ಮೂಸಿ ಸೀನಿತು. ಆಮೇಲೆ ಆತ ಒಂದು ಚಿಟಿಕೆ ಹಿಟ್ಟನ್ನು ನನ್ನ ಅಂಗೈಗೆ ಹಾಕಿ, ತಿನ್ನು ಎಂದು ಸನ್ನೆ ಮಾಡಿದ. ಒಣ ರಾಗಿಹಿಟ್ಟು ತಿಂದವರಿಗೆ ಗೊತ್ತು, ಅದು ಗಂಟಲಿಗೆ ಅಂಟುತ್ತದೆ. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ವಿಷ ತಿಂದು ಸಾಯುತ್ತಿದ್ದಾನೆ ಎಂದು ಅವರು ಗಾಬರಿಯಾಗಿ ನೀರು ಕೊಟ್ಟರು.

ಸತ್ಯ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚು ಬಂದಿತ್ತು. ಅಷ್ಟು ಒಳ್ಳೆಯ ಹೊಲಿಗೆಯನ್ನು ಅಡ್ಡಡ್ಡ ಸೀಳಿದ್ದ. ಬಿಟ್ಟ ಮೇಲೆ ನಾನು ಅಲ್ಲೇ ನೆಲದ ಮೇಲೆ ಕೂತು ದಬ್ಬಣ ತೆಗೆದು ರಜಾಯಿಯನ್ನು ಮತ್ತೆ ಹೊಲಿದೆ. ಹೊಲಿದು ಮುಗಿಯುವವರೆಗೂ ಆತ ನನ್ನ ಮುಂದೆ ನಿಂತು ನೋಡಿದ, ಕೊನೆಗೆ ಪೆಟ್ಟಿಗೆಯ ಮುಚ್ಚಳ ತಾನೇ ಹಾಕಿಕೊಟ್ಟ.

ಬಿಷ್ಕೆಕ್, ಅಪಾ ಮನೆ

ಹಲಸೂರು ಕೆರೆಯ ಮೇಲೆ ಡಿಸೆಂಬರ್ ಬೆಳಿಗ್ಗೆ ಏಳುವ ಮಂಜೇ ನನಗೆ ಗೊತ್ತಿದ್ದ ದೊಡ್ಡ ಚಳಿ. ಬಿಷ್ಕೆಕ್‌ನಲ್ಲಿ ಅಕ್ಟೋಬರ್ ಕೊನೆಗೇ ಮೂಗಿನೊಳಗಿನ ಕೂದಲು ಬಿಗಿಯಿತು. ಊರಿನ ಹಿಂದೆ ಬಿಳೀ ಬೆಟ್ಟಗಳ ಸಾಲು, ಊರಿನೊಳಗೆ ಕಲ್ಲಿದ್ದಲ ಹೊಗೆಯ ವಾಸನೆ. ಅಂಗಳದಲ್ಲಿ ಎಲೆ ಉದುರಿದ ಸೇಬಿನ ಮರವಿದ್ದ, ನೀಲಿ ಕಿಟಕಿಗಳ ತಗ್ಗು ಮನೆಯ ಮುಂದೆ ಶಾಹಿನಾ ನಿಂತಿದ್ದಳು. ತೆಳ್ಳಗಾಗಿದ್ದಳು. ಸಲಾಂ ಹೇಳುವ ಮೊದಲೇ ಒಮ್ಮೆ ಕೆಮ್ಮಿದಳು. ನನ್ನ ಕೈ ತಾನಾಗಿ ಕೋಟಿನ ಒಳಜೇಬಿಗೆ ಹೋಯಿತು.

ಮನೆಯೊಡತಿ ಗುಲ್ಬಾರಾ. ಎಪ್ಪತ್ತು ದಾಟಿದ ವಿಧವೆ, ಬ್ರೆಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದವರು. ದೊಡ್ಡ ಹೆಂಗಸರನ್ನು ಅಲ್ಲಿ ಅಪಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಮುಂದಿನ ಕೋಣೆ ಅಪಾದು, ಹಿಂದಿನದು ಹುಡುಗಿಯರದು. ನಡುಗೋಡೆಯಲ್ಲೇ ಒಲೆ ಕಟ್ಟಿದ್ದರು. ಅದರ ಬಾಯಿ ಹುಡುಗಿಯರ ಕಡೆಗಿತ್ತು, ಗೋಡೆ ಕಾದರೆ ಎರಡೂ ಕೋಣೆ ಬೆಚ್ಚಗಾಗುತ್ತಿದ್ದವು. ನನಗೆ ಬಾಗಿಲ ಪಕ್ಕದ ಸಣ್ಣ ಪಡಸಾಲೆ ಕೊಟ್ಟರು.

ಅಪಾ ಕೋಣೆಗೆ ಕಾಲಿಟ್ಟ ನಾನು ಬಂದ ಕೆಲಸವನ್ನೇ ಮರೆತೆ. ಒಂದು ಗೋಡೆಗೆ ಹಾಸಿಗೆಗಳನ್ನು ಮಡಿಸಿ ಸೂರಿನವರೆಗೆ ಪೇರಿಸಿದ್ದರು. ಕುರಿಯ ಉಣ್ಣೆ ತುಂಬಿ ಕೈಯಲ್ಲಿ ಹೊಲಿದ ಉದ್ದನೆಯ ಹಾಸಿಗೆಗಳು. ಅಲ್ಲಿ ಹೆಣ್ಣು ಕೊಡುವಾಗ ಎಷ್ಟು ಹಾಸಿಗೆ ಪೇರಿಸಿದ್ದಾರೆ ಎಂದು ನೋಡುತ್ತಾರಂತೆ. ನಮ್ಮಲ್ಲಿ ಇಂದಿರಾನಗರದ ಗಿರಾಕಿಗಳು ಹಳೇ ಹತ್ತಿ ಹಾಸಿಗೆಯನ್ನು ಕಸದ ಗಾಡಿಗೆ ಹಾಕಲು ನನ್ನನ್ನೇ ಕರೆಯುತ್ತಾರೆ! ನಾನು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದರೆ ಚೈತ್ರಾ ನಕ್ಕಳು. "ಅಂಕಲ್, ಮದುವೆ ಮನೇಲಿ ಅಡುಗೆ ಭಟ್ರು ಬೇರೆಯವರ ಸಾರು ರುಚಿ ನೋಡ್ದಂಗಿದೆ."

ಅಪಾ ಚಹಾ ಕೊಟ್ಟರು. ಬಟ್ಟಲಿನಲ್ಲಿ ಅರ್ಧವೂ ಇರಲಿಲ್ಲ. ನಮ್ಮ ಓಣಿಯಲ್ಲಿ ಬೈ-ಟೂ ಹೇಳಿದರೂ ಇದಕ್ಕಿಂತ ಹೆಚ್ಚು ಕೊಡುತ್ತಾರೆ. ಬಡವರ ಮನೆ, ಇರಲಿ ಎಂದುಕೊಂಡೆ. ಶಾಹಿನಾ ನನ್ನ ಮುಖ ಓದಿದಳು. "ಅಬ್ಬಾ, ಇಲ್ಲಿ ಸ್ವಲ್ಪ ಸ್ವಲ್ಪ ಹಾಕಿದ್ರೇ ಮರ್ಯಾದೆ. ಮತ್ತೆ ಮತ್ತೆ ಹಾಕ್ತಾನೇ ಇರ್ತಾರೆ. ಬಟ್ಟಲು ತುಂಬಿಸಿ ಕೊಟ್ರೆ, ಕುಡಿದು ಎದ್ದು ಹೋಗಿ ಅಂತ ಅರ್ಥ." ಆ ದಿನ ಅಪಾ ನನಗೆ ಒಂಬತ್ತು ಸಲ ಚಹಾ ಹಾಕಿದರು.

ಮೂರು ದಿನದ ಕೆಲಸ

ಮರುದಿನ ಕಡ್ಡಿ ಗೀರಿ ಹುಡುಗಿಯರ ಕೋಣೆಯ ಕಿಟಕಿಯ ಅಂಚಿಗೆ ಹಿಡಿದೆ. ಜ್ವಾಲೆ ಬಾಗಿ ಆರಿಹೋಯಿತು. ಎಲ್ಲಿ ಹಿಡಿದರೂ ಗಾಳಿ ನುಗ್ಗುತ್ತಿತ್ತು. ಆ ಕಿಟಕಿಯ ಕೆಳಗೇ ಶಾಹಿನಾಳ ಮಂಚ. ಇಲ್ಲಿ ಮಗಳನ್ನು ಬಿಟ್ಟು ಹೋಗಲಾರೆ ಎಂದು ಆಗಲೇ ಅರ್ಧ ತೀರ್ಮಾನಿಸಿಬಿಟ್ಟೆ.

ಆದರೆ ಅಪಾ ಬಳಿ ಉಪಾಯವಿತ್ತು. ದುಡ್ಡಿಲ್ಲದ ಮನೆಗಳೆಲ್ಲ ಅಲ್ಲಿ ಚಳಿಗಾಲಕ್ಕೆ ಹೀಗೆ ಸಿದ್ಧವಾಗುತ್ತವಂತೆ. ಕಿಟಕಿಯ ಸಂದುಗಳಿಗೆ ಹತ್ತಿ ತುಂಬುವುದು, ಅದರ ಮೇಲೆ ಹಳೇ ಪೇಪರಿನ ಪಟ್ಟಿಗಳನ್ನು ಹಿಟ್ಟಿನ ಅಂಟಿನಿಂದ ಅಂಟಿಸುವುದು. ಮಾರ್ಚಿನಲ್ಲಿ ಒದ್ದೆ ಮಾಡಿ ಕಿತ್ತು ಕಿಟಕಿ ತೆರೆಯುವುದು. ಇದನ್ನು ಕೇಳಿ ನನಗೆ ಆದ ಸಂತೋಷ ಹೇಳತೀರದು. ಸಾವಿರಾರು ಮೈಲಿ ದೂರದಲ್ಲಿ, ಭಾಷೆ ಬಾರದ ಊರಿನಲ್ಲಿ, ಕೊನೆಗೆ ಹತ್ತಿಯ ಕೆಲಸ! ಪೆಟ್ಟಿಗೆ ತೆರೆದು ನನ್ನ ಹತ್ತಿ ಹೊರಗೆ ತೆಗೆದೆ. ಅಪಾ ಅದನ್ನು ಕೆನ್ನೆಗೆ ಒತ್ತಿ ನೋಡಿಕೊಂಡರು.

ಮೂರು ದಿನ ದಬ್ಬಣದ ಹಿಂಬದಿಯಿಂದ ಹತ್ತಿಯನ್ನು ಸಂದುಸಂದಿಗೆ ಕೂರಿಸಿದೆ. ಮೈದಾಹಿಟ್ಟು ಮುಗಿದಾಗ ರಾಗಿ ಗಂಜಿ ಕಾಯಿಸಿ ಅಂಟು ಮಾಡಿದೆ. "ಅಂಕಲ್, ಅದು ನನ್ ಮುದ್ದೆ!" ಎಂದು ಚೈತ್ರಾ ಕೂಗಿಕೊಂಡಳು. ಪಟ್ಟಿಗಳ ಅಂಚಿನಲ್ಲಿ ಕಂದು ಗೆರೆ ಮೂಡಿತು. ಸಂಜೆ ಹೊತ್ತು ಅಪಾ ಕೋಲಿನಿಂದ ಉಣ್ಣೆ ಬಡಿಯುವುದನ್ನು ತೋರಿಸಿದರೆ, ನಾನು ಬಿಲ್ಲಿನಿಂದ ಹತ್ತಿ ಹಿಂಜುವುದನ್ನು ಬರೀ ಕೈಯಲ್ಲಿ ನಟಿಸಿ ತೋರಿಸಿದೆ.

ಕಿಟಕಿಯ ಮೇಲಿನ ಮೂಲೆಯಲ್ಲಿ ಗೇಣಗಲದ ಒಂದು ಕಿಂಡಿಯಿತ್ತು. ಅದಕ್ಕೆ ಪ್ರತ್ಯೇಕ ಸಣ್ಣ ಬಾಗಿಲು. ನಾನು ಅದರತ್ತ ಹತ್ತಿ ಹಿಡಿದು ಹೋದಾಗ ಅಪಾ ನನ್ನ ಮಣಿಕಟ್ಟು ಹಿಡಿದುಕೊಂಡು ಗಟ್ಟಿಯಾಗಿ ಏನೋ ಹೇಳಿದರು.

"ಅದನ್ನ ಮುಚ್ಬಾರ್ದಂತೆ ಅಬ್ಬಾ," ಎಂದಳು ಶಾಹಿನಾ. "ಒಲೆ ಉರಿಯೋವಾಗ ಅದು ಸ್ವಲ್ಪ ತೆಗೆದೇ ಇರ್ಬೇಕಂತೆ."

ಹೂಂ ಎಂದೆ. ಶಿವಾಜಿನಗರದ ನಮ್ಮ ಮನೆಯಲ್ಲೂ ಬಾಗಿಲ ಮೇಲೆ ಇಂಥದೇ ಗವಾಕ್ಷಿ ಇದೆ. ಅಜ್ಜನ ಕಾಲದಿಂದ ಅದನ್ನು ಮುಚ್ಚಿದ್ದಿಲ್ಲ, ಪಾರಿವಾಳ ಬಂದು ಕೂರುತ್ತದೆ. ಅದು ಯಾಕಿದೆ ಎಂದು ಐವತ್ತೇಳು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಮೊದಲ ಹಿಮ

ಹೊರಡಲು ಐದು ದಿನವಿರುವಾಗ ಹಿಮ ಬಿತ್ತು. ಹುಡುಗಿಯರು ಅಂಗಳದಲ್ಲಿ ಕುಣಿದರು. ನಾನು ಒಳಗೆ ನಿಂತು ಕಿಂಡಿಯಿಂದ ಇಳಿಯುವ ಗಾಳಿಗೆ ಅಂಗೈ ಒಡ್ಡಿದೆ. ಅದು ನೇರವಾಗಿ ಶಾಹಿನಾಳ ದಿಂಬಿನ ಮೇಲೆ ಬೀಳುತ್ತಿತ್ತು. ಆ ದಿನ ಅವಳ ಕೆಮ್ಮು ಹೆಚ್ಚಿತು. ಎಣಿಸಬಾರದೆಂದುಕೊಂಡರೂ ಎಣಿಸಿದೆ.

ನಸೀಮಾ ಫೋನಿನಲ್ಲಿ ಕೋಣೆಯನ್ನೆಲ್ಲ ತೋರಿಸಲು ಹೇಳಿದಳು. "ಎಲ್ಲಾ ಮುಚ್ಚಿ ಆ ತೂತು ಒಂದನ್ನ ಯಾಕ್ರೀ ಬಿಟ್ರಿ? ಊರಿಗೆಲ್ಲ ಹಾಸಿಗೆ ಹೊಲೀತೀರಾ, ಮಗಳ ತಲೆ ಮೇಲಿನ ತೂತು ಮುಚ್ಚೋಕಾಗಲ್ವಾ?" ಎಂದಳು. ಆಮೇಲೆ ದನಿ ಇಳಿಸಿ, "ಟಿಕೆಟ್ ಜೋಪಾನವಾಗಿದೆ ತಾನೇ?" ಎಂದು ಕೇಳಿದಳು.

ನನ್ನ ಅಪ್ಪ ಕಲಿಸಿದ ಪಾಠ ಒಂದೇ. ಹಾಸಿಗೆಯಲ್ಲಿ ಬೆರಳು ಇಳಿಯುವಷ್ಟು ಟೊಳ್ಳು ಉಳಿದರೂ ಅದು ಹಾಸಿಗೆಯಲ್ಲ. ಕಿಂಡಿ ಮುಚ್ಚಿದರೆ ಮನೆ ಬೆಚ್ಚಗಾಗುತ್ತದೆ. ಮನೆ ಬೆಚ್ಚಗಾದರೆ ಮಗಳ ಓದು ಉಳಿಯುತ್ತದೆ. ಟಿಕೆಟ್ ಹರಿದು ಹಾಕಬಹುದು. ಲೆಕ್ಕ ಇಷ್ಟು ಸರಳವಾಗಿ ಕಂಡಿತು. ಶನಿವಾರ ಮಧ್ಯಾಹ್ನ ಹುಡುಗಿಯರು ಕಾಲೇಜಿನಲ್ಲಿದ್ದರು, ಅಪಾ ಪೇಟೆಗೆ ಹೋಗಿದ್ದರು. ಕುರ್ಚಿ ಹತ್ತಿ ಕಿಂಡಿಗೆ ಹತ್ತಿ ಒತ್ತಿ, ಮೇಲೆ ಕಾಗದ ಅಂಟಿಸಿ, ಪರದೆ ಎಳೆದುಬಿಟ್ಟೆ. ಕಳ್ಳನಂತೆ ಮಾಡಿದೆ, ಆದರೆ ಕೆಲಸ ಮಾತ್ರ ಚೊಕ್ಕವಾಗಿತ್ತು. ಸಂಜೆ ಅಪಾ ಸ್ವಲ್ಪವೇ ಸೌದೆ ಉರಿಸಿದರು. ಅಷ್ಟಕ್ಕೇ ಕೋಣೆ ಬೆಚ್ಚಗಾಯಿತು. "ಇವತ್ತು ಸಕತ್ತಾಗಿದೆ!" ಎಂದು ಚೈತ್ರಾ ಸ್ವೆಟರ್ ಬಿಚ್ಚಿದಳು. ನಾನು ಒಳಗೊಳಗೇ ಬೀಗಿದೆ.

ಭಾನುವಾರ

ಬೆಳಿಗ್ಗೆ ಅಪಾ ಕಲ್ಲಿದ್ದಲು ತುಂಬಿ ಒಲೆ ಹೊತ್ತಿಸಿದರು. ಇದ್ದಲು ಕೆಂಡವಾದ ಮೇಲೆ ಶಾಖ ಹೊಗೆಕೊಳವೆಯಲ್ಲಿ ಹೊರಟುಹೋಗದಂತೆ ಅದರ ತಗಡಿನ ಮುಚ್ಚಳವನ್ನು ದಿನದಂತೆ ನೂಕಿ ಅರ್ಧ ಮುಚ್ಚಿದರು. ಕಿಂಡಿ ತೆರೆದಿದೆ ಎಂಬ ನಂಬಿಕೆಯಿಂದಲೇ ಪ್ರತಿದಿನ ಹಾಗೆ ಮಾಡುತ್ತಿದ್ದರು. ಶಾಹಿನಾ ರೊಟ್ಟಿ, ಆಲೂಗಡ್ಡೆ ತರಲು ಪೇಟೆಗೆ ಹೋದಳು. ಚೈತ್ರಾ ಮಂಚದ ಮೇಲೆ ಪುಸ್ತಕ ಹಿಡಿದಿದ್ದಳು. ಅಪಾ ಮತ್ತು ನಾನು ಒಲೆಯ ಹತ್ತಿರ ಹಾಸಿಗೆ ಹಾಸಿ ಕೂತು ಉಣ್ಣೆ ಬಿಡಿಸುತ್ತಿದ್ದೆವು.

ಎಂಥ ಹಿತವಾದ ಬಿಸಿ! ಕಣ್ಣು ತಾನಾಗಿ ಮುಚ್ಚುತ್ತಿತ್ತು. ಚೈತ್ರಾ "ತಲೆ ಸಿಡೀತಿದೆ ಅಂಕಲ್" ಎಂದಳು. ಪರೀಕ್ಷೆ ಹತ್ತಿರವಿದೆಯಲ್ಲ, ಅದಕ್ಕೇ ಎಂದೆ. ಅಪಾ ಕೈಯಲ್ಲಿನ ಉಣ್ಣೆ ಕೆಳಗೆ ಬಿತ್ತು. ವಯಸ್ಸಾಗಿದೆ, ತೂಕಡಿಸುತ್ತಿದ್ದಾರೆ ಎಂದುಕೊಂಡೆ. ಚೈತ್ರಾ ಎದ್ದು ನಿಂತವಳು ವಾಂತಿ ಮಾಡಿಕೊಂಡು ಕೂತುಬಿಟ್ಟಳು. ಏಳಬೇಕೆಂದುಕೊಂಡೆ. ಮೊಣಕಾಲು ನನ್ನ ಮಾತು ಕೇಳಲಿಲ್ಲ. ಆಗಲೂ ಕಾರಣ ಹೊಳೆಯಲಿಲ್ಲ, ಹೊಳೆಯುವ ತಲೆಯೇ ಮಂಕಾಗಿತ್ತು.

ಬಾಗಿಲು ತೆರೆದ ಸದ್ದಾಯಿತು. ಆಲೂಗಡ್ಡೆ ನೆಲದ ಮೇಲೆ ಉರುಳಿದವು. ಶಾಹಿನಾ ಒಮ್ಮೆ ಒಲೆ ನೋಡಿದಳು, ಒಮ್ಮೆ ಪರದೆ ನೋಡಿದಳು. ಪರದೆ ಎಳೆದಾಗ ನನ್ನ ಚೊಕ್ಕ ಕೆಲಸ ಅವಳಿಗೆ ಕಂಡಿತು.

"ಉಸಿರು ಬಿಗಿ ಹಿಡೀರಿ! ಅಬ್ಬಾ, ಎದ್ದೇಳಿ, ಆಚೆ ನಡೀರಿ! ಚೈತ್ರಾ, ತೆವಳ್ಕೊಂಡಾದ್ರೂ ಹೋಗು!"

ಅವಳ ಆ ದನಿಯನ್ನು ನಾನು ಹಿಂದೆ ಕೇಳಿರಲಿಲ್ಲ. ಉಗುರಿನಿಂದ ಕಾಗದ, ಹತ್ತಿ ಎಲ್ಲ ಕಿತ್ತೆಸೆದು, ಕಿಂಡಿ ತೆರೆದು, ಕೊಳವೆಯ ಮುಚ್ಚಳ ಪೂರ್ತಿ ಆಚೆ ಎಳೆದಳು. ನಾನು ಗೋಡೆ ಹಿಡಿದು, ಚೈತ್ರಾ ತೆವಳಿಕೊಂಡು ಅಂಗಳ ಸೇರಿ ಹಿಮದಲ್ಲಿ ಬಿದ್ದೆವು. ಹಿಂತಿರುಗಿ ನೋಡಿದರೆ ನನ್ನ ತೆಳ್ಳನೆಯ ಮಗಳು ಅಪಾ ಅವರನ್ನು ಹಾಸಿಗೆಯ ಸಮೇತ ಹೊಸ್ತಿಲು ದಾಟಿಸಿ ಎಳೆದು ತರುತ್ತಿದ್ದಳು. ಅಪಾ ಕಣ್ಣು ಬಿಡಲಿಲ್ಲ. ಶಾಹಿನಾ ಅವರ ಕತ್ತಿನ ನಾಡಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅಲ್ಲಿನ ಭಾಷೆಯಲ್ಲಿ ವಿಳಾಸ ಹೇಳುತ್ತಿದ್ದಳು. ಅಲ್ಲಾ, ಈ ಮುದುಕಿ ಸತ್ತರೆ ಕೊಂದವನು ನಾನು ಎಂದು ನಾನು ಹಿಮದ ಮೇಲೆ ಕೂತು ಅಳುತ್ತಿದ್ದೆ. ರೊಟ್ಟಿಯಂಗಡಿಯಲ್ಲಿ ಸಾಲು ಇನ್ನಷ್ಟು ಉದ್ದವಿದ್ದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸಲಾರೆ.

ಆಂಬುಲೆನ್ಸ್ ಬರುವ ಹೊತ್ತಿಗೆ ಅಪಾ ನರಳಿದರು. ಆಸ್ಪತ್ರೆಯಲ್ಲಿ ಮೂವರ ಮೂಗಿಗೂ ಆಮ್ಲಜನಕ ಹಾಕಿದರು. ಅಲ್ಲಿನ ದೊಡ್ಡ ಡಾಕ್ಟರು ಶಾಹಿನಾಳನ್ನು ಏನೇನೋ ಕೇಳಿದರು. ಅವಳು ನೆಟ್ಟಗೆ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟಳು. ಹೋಗುವ ಮುಂಚೆ ಅವರು ಅವಳಿಗೆ ಕೈ ಕುಲುಕಿದರು, ರೋಗಿಯ ಕಡೆಯವರಿಗೆ ಕುಲುಕುವಂತಲ್ಲ, ತಮ್ಮವರಿಗೆ ಕುಲುಕುವಂತೆ.

ಸಂಜೆ ಅವಳು ನನ್ನ ಮಂಚದ ಪಕ್ಕ ಕೂತಳು. "ಕಲ್ಲಿದ್ದಲ ವಿಷಗಾಳಿಗೆ ವಾಸನೆ ಇರಲ್ಲ ಅಬ್ಬಾ. ಅದಕ್ಕೇ ಆ ಕಿಂಡಿ."

"ನಿಂಗೆ ಚಳಿ ಆಗ್ಬಾರ್ದು ಅಂತ ಮಾಡ್ದೆ ಬೇಟಾ."

"ಗೊತ್ತು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ತುಂಬಿದ ಬಟ್ಟಲು

ಮರುದಿನ ಮನೆಗೆ ಬಂದೆವು. ಅಪಾ ಎಲ್ಲರಿಗೂ ಚಹಾ ಹಾಕಿದರು. ನನ್ನ ಬಟ್ಟಲನ್ನು ಮಾತ್ರ ಅಂಚಿನವರೆಗೆ ತುಂಬಿಸಿ ಮುಂದಿಟ್ಟರು. ಹುಡುಗಿಯರು ನೆಲ ನೋಡಿದರು. ನಾನು ತುಟಿ ಸುಟ್ಟುಕೊಂಡು ಕುಡಿದು ಎದ್ದು ಹೋದೆ. ಮಾಡಿದ್ದುಣ್ಣೋ ಮಹರಾಯ.

ಕಿಟಕಿಯಲ್ಲಿ ಶಾಹಿನಾ ಅವಸರದಲ್ಲಿ ಕಿತ್ತದ್ದರಿಂದ ಸುತ್ತಲಿನ ಸಂದುಗಳೂ ಬಾಯಿ ಬಿಟ್ಟಿದ್ದವು. ಹೊರಡುವ ಮುಂಚೆ ಅಷ್ಟನ್ನಾದರೂ ಸರಿಮಾಡಬೇಕಿತ್ತು. ರಾಗಿ ಅಂಟು ಕಾಯಿಸಿದೆ, ಹತ್ತಿ ಕೂರಿಸಿದೆ. ಕಿಂಡಿಯನ್ನು ಬಿಟ್ಟೆ. ಅದರ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಒಂದು ದಾರದ ಕುಣಿಕೆ ಹೊಲಿದು ಮೊಳೆಗೆ ಕಟ್ಟಿದೆ. ಪಟ್ಟಿ ಅಂಟಿಸಲು ಹೊರಟರೆ ಹಳೇ ಪೇಪರ್ ಮುಗಿದಿತ್ತು. ಒಳಜೇಬಿಗೆ ಕೈ ಹಾಕಿದೆ.

ಹಾಳೆ ಬಿಡಿಸಿ ಮಗಳ ಹೆಸರು ಒಮ್ಮೆ ಓದಿದೆ. ಚಳಿಯಿಂದ ಇವಳನ್ನು ಕಾಪಾಡುತ್ತೇನೆಂದು ಬಂದವನು ನಾನು. ಕೊನೆಗೆ ನನ್ನಿಂದ ಮೂವರನ್ನು ಕಾಪಾಡಿದವಳು ಅವಳು. ಇವಳನ್ನು ಕರೆದುಕೊಂಡು ಹೋಗಿ ಯಾವ ಗಾಳಿ ತಾಗದಂತೆ ಮುಚ್ಚಿಡಲಿ? ಕತ್ತರಿ ತೆಗೆದು ಹಾಳೆಯನ್ನು ಬೆರಳಗಲದ ಪಟ್ಟಿ ಮಾಡಿ, ಅಕ್ಷರದ ಬದಿಯನ್ನು ಒಳಗೆ ಮಾಡಿ ಅಂಟಿಸಿದೆ. ಹೆದರಿಕೆ ಇದ್ದೇ ಇತ್ತು. ಈಗಲೂ ಇದೆ.

ಹೊರಡುವ ದಿನ ಅಪಾ ಕಿಟಕಿಯ ಮುಂದೆ ನಿಂತು ದಾರದ ಕುಣಿಕೆಯನ್ನು ಎಳೆದು ನೋಡಿದರು. ಆಮೇಲೆ ಕೂತು ನನಗೆ ಚಹಾ ಹಾಕಿದರು. ಬಟ್ಟಲಲ್ಲಿ ಎರಡೇ ಗುಟುಕು ಇತ್ತು. ಕುಡಿದೆ, ಮತ್ತೆ ಎರಡು ಗುಟುಕು ಹಾಕಿದರು. ವಿಮಾನಕ್ಕೆ ತಡವಾಗುತ್ತದೆ ಎಂದು ಶಾಹಿನಾ ಎಬ್ಬಿಸುವವರೆಗೂ ಹಾಕುತ್ತಲೇ ಇದ್ದರು.

ಮತ್ತೆ ಶಿವಾಜಿನಗರ

ಒಬ್ಬನೇ ಇಳಿದುಬಂದ ನನ್ನನ್ನು ನೋಡಿ ನಸೀಮಾ ಬಾಗಿಲಲ್ಲೇ ಕೂತಳು. ನಡೆದದ್ದನ್ನೆಲ್ಲ ಹೇಳಿದೆ. ಒಂದು ವಾರ ನನ್ನೊಂದಿಗೆ ಮಾತು ಬಿಟ್ಟಳು. ಎಂಟನೇ ದಿನ ಗವಾಕ್ಷಿಯ ಪಾರಿವಾಳವನ್ನು ಓಡಿಸಿ ಅದನ್ನು ಒರೆಸಿದಳು. ಆ ಚಳಿಗಾಲವಿಡೀ ದಿನಾ ಬೆಳಿಗ್ಗೆ ಶಾಹಿನಾಗೆ ಅವಳ ಮೊದಲ ಪ್ರಶ್ನೆ, "ಕಿಂಡಿ ತೆಗೆದಿದೆಯಾ?" ಶಾಹಿನಾ ಎರಡು ಸಲ ನೆಗಡಿ ಹಿಡಿಸಿಕೊಂಡಳು, ಹಾಸಿಗೆ ಹಿಡಿಯಲಿಲ್ಲ.

ಮಾರ್ಚಿನಲ್ಲಿ, ಅಂಗಡಿಯಲ್ಲಿ ಬೆವರು ಸುರಿಸುತ್ತಾ ದಿಂಬು ತುಂಬುತ್ತಿದ್ದಾಗ ಅವಳ ಫೋನ್ ಬಂತು.

"ಅಬ್ಬಾ, ಕಿಟಕಿ ಬಿಚ್ತಾ ಇದೀವಿ. ಕಾಗದ ಕಿತ್ರೆ ಒಂದು ಪಟ್ಟೀಲಿ ನನ್ ಹೆಸರಿದೆ. ಇನ್ನೊಂದ್ರಲ್ಲಿ ಬೆಂಗಳೂರು ಅಂತಿದೆ."

ನಾನು ದಿಂಬು ಕೆಳಗಿಟ್ಟೆ.

"ನನ್ನ ಕರ್ಕೊಂಡ್ ಹೋಗೋಕೆ ಬಂದಿದ್ರಾ?"

"ಹೂಂ."

ಅವಳ ಹಿಂದೆ ಅಪಾ ಏನೋ ಕೂಗಿ ಹೇಳುತ್ತಿದ್ದರು, ಚೈತ್ರಾ ನಗುತ್ತಿದ್ದಳು.

"ಮತ್ತೆ ಯಾಕೆ ಬಿಟ್ಟು ಹೋದ್ರಿ ಅಬ್ಬಾ?"

"ಕಿಟಕಿಗೆ ಕಾಗದ ಸಾಲ್ಲಿಲ್ಲ ಬೇಟಾ" ಎಂದೆ.